ಹೋಮ್ ರೆಸಾರ್ಟ್ ಬದಲಾಯಿಸಿದ ಕೈ

ಕಂತು ಏಳು

"ಸಿಗ್ನೇಚರ್ ಪಕ್ಕಾ ಮ್ಯಾಚ್ ಆಗಿದೆ ಮೇಡಂ. ಇನ್ನೇನ್ ನೋಡ್ತಿದೀರಾ?"

ಸಿದ್ದಾರ್ಥ್ ಹೀಗೆ ಕೇಳಿದ್ದು ಇದು ಮೂರನೇ ಸಲ. ಪಂಕಜಮ್ಮ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಒಂದು ಸಲ ಮೂಸಿಯೂ ನೋಡಿದರು.

ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದ ಹೆಂಗಸು ಅವರು. ಕೂದಲೆಳೆಯಷ್ಟು ತಪ್ಪು ಕಂಡರೂ ಮಾಲನ್ನು ವಾಪಸ್ ಕಳಿಸಿದವರು. ನಿವೃತ್ತಿಯಾಗಿ ನಾಲ್ಕು ವರ್ಷವಾಗಿದ್ದರೂ ಕಣ್ಣಿಗೆ ಮಾತ್ರ ಇನ್ನೂ ಬಿಡುಗಡೆಯ ಆದೇಶ ಬಂದಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ.

ಪಕ್ಕದ ಕುರ್ಚಿಯಲ್ಲಿ ಕೃಪಾ ಕೂತಿದ್ದಳು. ಈ ಕಾಗದದಿಂದ ಮನೆಯಲ್ಲಿ ಕಳ್ಳಿ ಅನ್ನಿಸಿಕೊಂಡವಳು, ಪಂಕಜಮ್ಮನನ್ನು ಇಲ್ಲಿಗೆ ಕರೆಸಿದವಳು ಅವಳೇ. ಆದರೆ ಅವಳು ಕಾಗದದ ಕಡೆ ನೋಡುತ್ತಲೇ ಇರಲಿಲ್ಲ. ಕೆಳಗೆ ಮಾರತ್ತಹಳ್ಳಿ ಸೇತುವೆಯ ಮೇಲೆ ಸಾಲುಗಟ್ಟಿ ನಿಂತ ಬಸ್ಸುಗಳನ್ನು ಎಣಿಸುತ್ತಿದ್ದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು.

ಪಂಕಜಮ್ಮ ಅದನ್ನು ಗಮನಿಸಿದರು. ಗಮನಿಸಿ, ಸದ್ಯಕ್ಕೆ ಪಕ್ಕಕ್ಕಿಟ್ಟರು.

"ಇನ್ನೊಂದ್ ಸಲ ಹೇಳಪ್ಪ," ಎಂದರು ಸಿದ್ದಾರ್ಥನಿಗೆ. "ಈ ಹೋಮ್ ರೆಸಾರ್ಟ್ ಅಂದ್ರೇನು? ನಂಗೆ ಅರ್ಥ ಆಗೋ ಹಾಗೆ ಹೇಳು."

'ಹೊಂಬೆಳಕು ಹಾಲಿಡೇಸ್' ಕಂಪನಿಯಲ್ಲಿ ಇದನ್ನು ವಿವರಿಸುವುದೇ ಸಿದ್ದಾರ್ಥನ ಕೆಲಸ. ಗಂಟಲು ಸರಿ ಮಾಡಿಕೊಂಡ. "ಮೇಡಂ, ಫ್ಯಾಮಿಲಿ ಮೆಂಬರ್‌ಶಿಪ್ ಇಪ್ಪತ್ತೈದು ವರ್ಷದ್ದು. ವರ್ಷಕ್ಕೊಂದು ವಾರ ನಮ್ಮ ಯಾವ್ದಾದ್ರೂ ರೆಸಾರ್ಟಲ್ಲಿ ಇರಬಹುದು. ಆದ್ರೆ ಅದ್ರಲ್ಲಿ ಒಂದನ್ನ ಹೋಮ್ ರೆಸಾರ್ಟ್ ಅಂತ ಆರಿಸ್ಕೋಬೇಕು. ಅಲ್ಲಿ ನಿಮಗೆ ನಾಲ್ಕು ತಿಂಗಳು ಮುಂಚೆನೇ ಬುಕಿಂಗ್. ಬೇರೆ ಕಡೆ ಆದ್ರೆ, ಅಲ್ಲಿಯವರು ತಗೊಂಡು ಉಳಿದಿದ್ರೆ ಮಾತ್ರ ಸಿಗುತ್ತೆ."

"ಅಂದ್ರೆ ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡ್ದಂಗೆ."

"ಹೆಚ್ಚುಕಮ್ಮಿ ಅದೇ ಮೇಡಂ."

"ಬದಲಾಯಿಸಬಹುದಾ?"

"ಇಪ್ಪತ್ತೈದು ವರ್ಷದಲ್ಲಿ ಒಂದೇ ಸಲ."

ಪಂಕಜಮ್ಮನಿಗೆ ನಗು ಬಂತು. ಕಾರ್ಖಾನೆಯಲ್ಲಿ ರಜೆ ಪ್ರವಾಸದ ಎಲ್‌ಟಿಸಿಗೂ ಇದೇ ನಿಯಮವಿತ್ತು. ಕೆಲಸಕ್ಕೆ ಸೇರಿದ ದಿನವೇ ಸರ್ವಿಸ್ ಪುಸ್ತಕದಲ್ಲಿ ಹೋಮ್ ಟೌನ್ ಯಾವುದೆಂದು ಬರೆಸಬೇಕು. ಇಡೀ ಸರ್ವಿಸ್‌ನಲ್ಲಿ ಒಮ್ಮೆ ಮಾತ್ರ ಬದಲಾವಣೆ. ತನ್ನ ಊರು ಯಾವುದು ಎಂದು ಮನುಷ್ಯನಿಗೆ ಎರಡು ಸಲಕ್ಕಿಂತ ಹೆಚ್ಚು ಅನ್ನಿಸಬಾರದು ಅನ್ನುವುದು ಸರ್ಕಾರದ ಅಭಿಪ್ರಾಯವಿರಬೇಕು.

ಕುಂದಲಹಳ್ಳಿಯಲ್ಲಿ ಕೃಪಾಳ ಮಾವ ಹನುಮಂತರಾಯಪ್ಪನವರ ಮನೆಯಲ್ಲಿ ಈ ಒಂದು ಆಯ್ಕೆಗೆ ಹದಿನೈದು ದಿನ ಚರ್ಚೆ ನಡೆದಿತ್ತು. ಕೊನೆಗೆ ಗೆದ್ದವರು ಅವರ ಹೆಂಡತಿ ನಾಗಲಕ್ಷ್ಮಮ್ಮ. ಅರವತ್ತಾರು ವರ್ಷವಾದರೂ ಸಮುದ್ರದಲ್ಲಿ ಕಾಲಿಟ್ಟವರಲ್ಲ. ಹೊನ್ನಾವರದ ಕಡೆಯ 'ಅಲೆಮನೆ'ಯೇ ಆಗಬೇಕು, ಪ್ರತಿ ಮೇ ತಿಂಗಳು ಮೂವರು ತಂಗಿಯರನ್ನೂ ಕರೆದುಕೊಂಡು ಹೋಗಬೇಕು ಎಂದು ಹಟ ಹಿಡಿದು ಅದನ್ನೇ ಬರೆಸಿದ್ದರು. ತಂಗಿಯರಿಗೆ ಫೋನೂ ಮಾಡಿ ಆಗಿತ್ತು.

ನಾಲ್ಕು ದಿನದ ಹಿಂದೆ ಮಗ, ಅಂದರೆ ಕೃಪಾಳ ಗಂಡ ವಸಂತನ ಮೊಬೈಲಿಗೆ ಸಂದೇಶ ಬಂತು. ನಿಮ್ಮ ಕೋರಿಕೆಯಂತೆ ಹೋಮ್ ರೆಸಾರ್ಟ್ 'ಕರಡಿಕಲ್ಲು' ಎಂದು ಬದಲಾಯಿಸಲಾಗಿದೆ, ಧನ್ಯವಾದಗಳು.

ಮಧುಗಿರಿಯಾಚೆ ಬರೀ ಬಂಡೆಗಳ ನಡುವೆ ಇರುವ ಕರಡಿಕಲ್ಲು. ಆ ರೆಸಾರ್ಟಿನ ಪಟ ಕಂಪನಿ ಕೊಟ್ಟ ಪುಸ್ತಕದ ಕೊನೇ ಪುಟದಲ್ಲಿತ್ತು. ಆರಿಸುವಾಗ ಆ ಪುಟವನ್ನು ಮನೆಯಲ್ಲಿ ಯಾರೂ ತೆರೆದು ಕೂಡ ನೋಡಿರಲಿಲ್ಲ. ಆದರೆ ಅದು ಕೃಪಾಳ ತವರಿನ ಮೂಲ ಊರಿನ ಪಕ್ಕದಲ್ಲೇ ಇತ್ತು. ಅಷ್ಟು ಸಾಕಾಯಿತು.

ಅದಕ್ಕೆ ಸರಿಯಾಗಿ, ಪಾರ್ಶ್ವವಾಯು ಹೊಡೆದ ಮೇಲೆ ಹನುಮಂತರಾಯಪ್ಪನವರಿಗೆ ಬಲಗೈ ಸ್ವಾಧೀನವಿಲ್ಲ. ಎಡಗೈಯಲ್ಲಿ ಸಹಿ ಹಾಕುವುದನ್ನು ಕಲಿಸಿದವಳು ಕೃಪಾ. ಅವಳು ಮುಂದೆ ಕೂತರೆ ಮಾತ್ರ ಅವರು ಪೆನ್ನು ಹಿಡಿಯುತ್ತಿದ್ದುದು. "ನನ್ ಗಂಡನ್ ಕೈ ಇಡ್ಕೊಂಡು ತವ್ರುಮನೆ ಕಡೀಕೆ ಎಳ್ಕೊಂಡ್ಲು," ಎಂದರು ನಾಗಲಕ್ಷ್ಮಮ್ಮ. ಅಂದಿನಿಂದ ಸೊಸೆಯ ಕೈಯ ಕಾಫಿ ಮುಟ್ಟಿಲ್ಲ. ಕಾಗದದ ತಾರೀಖಿನಿಂದ ಹತ್ತು ದಿನದ ಮರುಪರಿಶೀಲನೆಯ ಅವಧಿ ಇವತ್ತು ಸಾಯಂಕಾಲ ಐದೂವರೆಗೆ ಮುಗಿಯುತ್ತದೆ. ಅಷ್ಟರಲ್ಲಿ ಕೃಪಾ ತಪ್ಪು ಒಪ್ಪಿಕೊಳ್ಳದಿದ್ದರೆ ಗಂಟುಮೂಟೆ ಕಟ್ಟಿಕೊಂಡು ರಾಜಗೋಪಾಲನಗರದ ತಾಯಿಮನೆಗೆ ಹೋಗಲಿ ಎಂಬುದು ಅತ್ತೆಯ ಕಟ್ಟಪ್ಪಣೆ.

ವಿಚಿತ್ರವೆಂದರೆ ಸಹಿ ಹಾಕಿದ ಮಾವ ತುಟಿ ಬಿಚ್ಚುತ್ತಿಲ್ಲ. ಕೇಳಿದರೆ ಎದ್ದು ಹಸುವಿನ ಹತ್ತಿರ ಹೋಗುತ್ತಾರೆ.

"ಈ ಕಾಗದ ಇಲ್ಲಿಗೆ ಹೇಗೆ ಬಂತು?" ಎಂದು ಕೇಳಿದರು ಪಂಕಜಮ್ಮ.

"ಇನ್‌ವರ್ಡ್ ಟ್ರೇನಲ್ಲಿತ್ತು ಮೇಡಂ. ಯಾರ್ ತಂದಿಟ್ರೋ ನೋಡ್ಲಿಲ್ಲ. ಹದಿನಾಲ್ಕನೇ ತಾರೀಖಿದೆ."

"ಹದಿನಾಲ್ಕಕ್ಕೆ ನೀನೆಲ್ಲಿದ್ದೆ ಕೃಪಾ?"

"ಮನೇಲೇ ಆಂಟಿ. ಮಗಳು ಸುಕೃತಿಗೆ ಜ್ವರ ಇತ್ತಲ್ಲ. ಕರಡಿಕಲ್ಲಿಗೆ ಎರಡು ರಾತ್ರಿ ಫ್ರೀ ಸ್ಟೇ ಕೊಟ್ಟಿದ್ರು, ಅಪ್ಪ, ಅತ್ತೆ, ವಸಂತ್ ಮೂರೇ ಜನ ಹೋಗಿದ್ರು. ಮೊದ್ಲೇ ಸಹಿ ಹಾಕಿಸಿ ತಾರೀಖು ಬೇರೆ ಬರ್ದಿದೀಯ ಅಂತಾರೆ ಅತ್ತೆ."

ಮಾವನನ್ನು ಅಪ್ಪ ಅನ್ನುತ್ತಾಳೆ ಈ ಹುಡುಗಿ. ಮೊದಲಿಂದಲೂ ಹಾಗೇ. ಪಂಕಜಮ್ಮ ಮತ್ತೆ ಕಾಗದಕ್ಕೆ ಬಂದರು.

ಹೋಮ್ ರೆಸಾರ್ಟ್ ಬದಲಾಯಿಸಲು ಕೋರಿ ಕನ್ನಡದಲ್ಲಿ ಗುಂಡಗೆ ಬರೆದ ಎಂಟು ಸಾಲು. ಕೆಳಗೆ ಹನುಮಂತರಾಯಪ್ಪನವರ ನಡುಗುವ ಸಹಿ. ಬರಹ ಮುಗಿದ ಮೇಲೆ ಉಳಿದ ಖಾಲಿ ಜಾಗಕ್ಕೆ ಅಡ್ಡ ಗೆರೆ ಎಳೆದು, ಮತ್ತೇನೂ ಯಾರೂ ಸೇರಿಸದಂತೆ ಬಂದೋಬಸ್ತು ಮಾಡಲಾಗಿತ್ತು. ಎಡಗಡೆ ಮೇಲಿನ ಮೂಲೆಯಲ್ಲಿ ಒಂದೇ ಒಂದು ತೂತು, ದಾರ ಪೋಣಿಸುವುದಕ್ಕೆ. ಈಗಿನ ಆಫೀಸುಗಳಲ್ಲಿ ಯಾರು ಮೂಲೆಗೆ ತೂತು ಹೊಡೆದು ದಾರ ಕಟ್ಟುತ್ತಾರೆ? ಕಾರ್ಖಾನೆಯ ಸ್ಟೋರ್‌ನಲ್ಲಿ ಕಟ್ಟುತ್ತಿದ್ದರು.

ಕೊನೆಯಲ್ಲಿ 'ಸಾಕ್ಷಿ' ಎಂದು ಬರೆದು ಗೀಚಿದ ಒಂದು ಸಹಿ. ಹೆಸರು ಓದಲು ಬರುತ್ತಿರಲಿಲ್ಲ. ಆದರೆ ಸಹಿಯ ಪಕ್ಕದಲ್ಲಿ ಒಂದು ಸಂಖ್ಯೆ ಇತ್ತು. ೩೮೬೨.

"ಇದೇನು ನಂಬರ್?"

"ಮನೆ ನಂಬರ್ ಇರಬೇಕು ಮೇಡಂ," ಎಂದ ಸಿದ್ದಾರ್ಥ್.

ಪಂಕಜಮ್ಮ ಹೂಂ ಎಂದರು. ಆದರೆ ಅದು ಮನೆ ನಂಬರಲ್ಲ. ಮದುವೆಯ ಉಡುಗೊರೆ ಪುಸ್ತಕದಲ್ಲಿ ಹೆಸರು ಬರೆಸುವಾಗಲೂ, ಬ್ಯಾಂಕಿನ ಚೆಕ್ಕಿಗೆ ಸಹಿ ಹಾಕುವಾಗಲೂ ಪಕ್ಕದಲ್ಲಿ ಇಂಥದೊಂದು ಸಂಖ್ಯೆ ಬರೆದು ಆಮೇಲೆ ನಾಲಿಗೆ ಕಚ್ಚಿಕೊಳ್ಳುವ ಜಾತಿ ಲೋಕದಲ್ಲಿ ಒಂದೇ. ಕಾರ್ಖಾನೆಯವರು. ಸಹಿ ಹಾಕಿದರೆ ಹಾಜರಿಯ ಟೋಕನ್ ನಂಬರು ತಾನಾಗಿ ಬಂದುಬಿಡುತ್ತದೆ. ಪಂಕಜಮ್ಮನೇ ಹೋದ ವಾರ ಗ್ಯಾಸ್ ಏಜೆನ್ಸಿಯ ಪುಸ್ತಕದಲ್ಲಿ ಹಾಗೆ ಮಾಡಿ ಅಲ್ಲಿನ ಹುಡುಗಿಯ ಮುಂದೆ ನಗೆಪಾಟಲಾಗಿ ಬಂದಿದ್ದರು.

ಇದು ಕೃಪಾಳನ್ನು ಉಳಿಸುವ ಸುಳಿವೋ ಮುಳುಗಿಸುವ ಸುಳಿವೋ ಗೊತ್ತಾಗಲಿಲ್ಲ. ಆ ಮನೆಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು ಅವಳೊಬ್ಬಳೇ.

"ನೀನು ಸ್ಕೂಲಿಂದ ಮಗೂನ ಕರ್ಕೊಂಡು ಮನೆಗೆ ಹೋಗಮ್ಮ," ಎಂದರು ಎದ್ದು ನಿಂತು. "ನಾನು ಹಿಂದೆನೇ ಬರ್ತೀನಿ."

ಕೃಪಾ ಚಪ್ಪಲಿ ಮೆಟ್ಟಿಕೊಂಡಳು.

*

ಕುಂದಲಹಳ್ಳಿ ಕಡೆಯ ಬಸ್ಸು ಸೇತುವೆಯ ಕೆಳಗೆ ಕಾಲು ಗಂಟೆ ಅಲುಗಾಡಲಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಪಂಕಜಮ್ಮ ಗಂಡನಿಗೆ ಫೋನ್ ಹಚ್ಚಿದರು.

ನಾಣಿ ಅದೇ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಹಾಜರಿ ಕಾರ್ಡು ನೋಡಿದವರು. ಹೆಂಡತಿಯ ಹುಟ್ಟುಹಬ್ಬ ಒಂದು ವರ್ಷವೂ ನೆನಪಿರಲಿಲ್ಲ. ಆದರೆ ಟೋಕನ್ ನಂಬರು ಹೇಳಿದರೆ ಆಳಿನ ಹೆಸರು, ಕೆಲಸದ ಶಾಪು, ತಡವಾಗಿ ಬಂದ ದಿನಗಳನ್ನೂ ಹೇಳುತ್ತಿದ್ದರು. ಮದುವೆ ಮನೆಗಳಲ್ಲಿ ಹಳೆಯ ಸ್ನೇಹಿತರು ಇದನ್ನೇ ಆಟವಾಗಿ ಆಡಿಸುತ್ತಿದ್ದರು.

"ರೀ, ಒಂದ್ ಟೋಕನ್ ನಂಬರ್ ಹೇಳ್ತೀನಿ. ಯಾರದು ಹೇಳಿ."

"ತಡಿ, ಹುಳಿ ಇಳಿಸ್ತೀನಿ. ತಳ ಹತ್ತಿದ್ರೆ ಅದಕ್ಕೂ ಇನ್ಸ್‌ಪೆಕ್ಷನ್ ಮಾಡ್ತೀಯ ನೀನು." ಪಾತ್ರೆಯ ಸದ್ದು. "ಹೂಂ, ಈಗ ಹೇಳು."

"ಮೂರು, ಎಂಟು, ಆರು, ಎರಡು."

ನಾಣಿ ಯಾವತ್ತೂ ಮೂರು ಎಣಿಸುವುದರೊಳಗೆ ಉತ್ತರ ಹೇಳುವವರು. ಈಗ ಹತ್ತು ಎಣಿಸಿದರೂ ಮಾತಿಲ್ಲ.

"ರೀ, ಇದೀರಾ?"

"ನಿಂಗೆ ಈ ನಂಬರ್ ಎಲ್ಲಿ ಸಿಕ್ತು ಪಂಕಜಾ?"

"ಯಾರದು ಹೇಳಿ ಮೊದ್ಲು."

"ಪ್ರೆಸ್ ಶಾಪಿನ ಈರೇಶಂದು ಕಣೇ."

ಪಂಕಜಮ್ಮ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು. ಬಲಗೈಯಲ್ಲಿ ಹಿಡಿದುಕೊಂಡರು. ಆ ಬಲಗೈ ಅವರ ಮೈಯಲ್ಲಿ ಇವತ್ತಿಗೂ ಇರುವುದು ಈರೇಶನಿಂದ.

ತೊಂಬತ್ತೇಳನೇ ಇಸವಿ. ತಗಡು ಒತ್ತುವ ಪ್ರೆಸ್ಸಿನ ಅಚ್ಚಿನೊಳಗಿದ್ದ ಬಿಲ್ಲೆಯನ್ನು ಅಳತೆಗೆ ತೆಗೆಯಲು ಪಂಕಜಮ್ಮ ಕೈ ಹಾಕಿದ್ದರು. ಯಂತ್ರ ನಿಂತಿದೆ ಅಂದುಕೊಂಡಿದ್ದರು. ನಿಂತಿರಲಿಲ್ಲ. ಈರೇಶ ಎಲ್ಲಿಂದ ಹಾರಿದನೋ, ಅವರ ಕೈ ಎಳೆದು ಆಚೆ ಹಾಕಿದ. ಅವನ ಎಡಗೈಯ ಕಿರುಬೆರಳು ಅಲ್ಲೇ ಉಳಿಯಿತು. ಆಸ್ಪತ್ರೆಗೆ ನೋಡಲು ಹೋದರೆ, "ಬಿಡಿ ಮೇಡಂ, ಕಿರುಬೆರಳಲ್ಲಿ ಏನ್ ಕೆಲ್ಸ ಇದೆ," ಎಂದು ನಕ್ಕಿದ್ದ. ಅಂದಿನಿಂದ ಪಂಕಜಮ್ಮ ಈ ಕೈಯಲ್ಲಿ ರಂಗೋಲಿ ಹಾಕಿದಾಗಲೆಲ್ಲ, ಮಕ್ಕಳ ತಲೆ ಬಾಚಿದಾಗಲೆಲ್ಲ, ಒಂದು ಕ್ಷಣ ಅವನನ್ನು ನೆನೆದು ಮನಸ್ಸಿನಲ್ಲೇ ಕೈ ಮುಗಿದಿದ್ದಾರೆ. ಋಣ ಅಂದರೆ ಇದು, ತೀರಿಸುವುದಕ್ಕೆ ದಾರಿಯೇ ಇಲ್ಲದ್ದು.

ಆ ಈರೇಶನ ಒಬ್ಬಳೇ ಮಗಳು ಕೃಪಾ.

"ನೆನಪಿದೆಯಾ," ನಾಣಿಯ ದನಿ ತಗ್ಗಿತ್ತು. "ಎರಡು ಸಾವಿರದ ಆರು, ಫೆಬ್ರವರಿ. ಅವನ ಕಾರ್ಡಲ್ಲಿ ಬೆಳಿಗ್ಗೆ ಆರಕ್ಕೆ ಐದು ನಿಮಿಷ ಇದ್ದಾಗ ಒಳಗೆ ಬಂದ ಪಂಚ್ ಇದೆ. ಹೊರಗೆ ಹೋದ ಪಂಚ್ ಇಲ್ಲ. ನನ್ನ ಮೂವತ್ತು ವರ್ಷದಲ್ಲಿ ಅಂಥ ಕಾರ್ಡು ಅದೊಂದೇ. ಒಳಗೆ ಬಂದವನು ಹೊರಗೆ ಹೋಗ್ಲೇ ಇಲ್ಲ. ಪೊಲೀಸರು ಅವನ ಊರಿಗೂ ಹೋಗಿ ಹುಡುಕಿದ್ರು."

"ನೆನಪಿದೆ ರೀ."

"ಅವತ್ತು ನಿಂದೂ ಅದೇ ಶಿಫ್ಟು."

"ಅದೂ ನೆನಪಿದೆ," ಎಂದು ಪಂಕಜಮ್ಮ ಫೋನಿಟ್ಟರು.

ಬಸ್ಸು ಕದಲಿತು. ಅವರ ಕಣ್ಣಿನಲ್ಲಿ ನೀರಿತ್ತು, ಪಕ್ಕದಲ್ಲಿದ್ದ ಐಟಿ ಕಂಪನಿಯ ಹುಡುಗಿ ನೋಡಿ ಮುಖ ತಿರುಗಿಸಿಕೊಂಡಳು. ಪಂಕಜಮ್ಮ ಸೆರಗಿನಿಂದ ಒರೆಸಿಕೊಳ್ಳಲೂ ಹೋಗಲಿಲ್ಲ. ಶಾಯಿ ಮೊನ್ನೆ ಮೊನ್ನೆಯದು. ಬದುಕಿದ್ದಾನೆ ಪುಣ್ಯಾತ್ಮ. ದೇವರು ದೊಡ್ಡವನು.

*

ಕುಂದಲಹಳ್ಳಿಯ ಹಳೇ ಬೀದಿಯಲ್ಲಿ, ಐದೈದು ಮಹಡಿಯ ಎರಡು ಪೀಜಿ ಕಟ್ಟಡಗಳ ನಡುವೆ, ಒಂದು ಹಸುವಿನ ಕೊಟ್ಟಿಗೆ ಉಳಿದುಕೊಂಡಿತ್ತು. ಎರಡೂ ಕಟ್ಟಡ ಹನುಮಂತರಾಯಪ್ಪನವರದೇ. ಕೊಟ್ಟಿಗೆ ತೆಗೆದು ಕಾರು ನಿಲ್ಲಿಸಲು ಜಾಗ ಮಾಡೋಣವೆಂದು ವಸಂತ್ ಹತ್ತು ಸಲ ಹೇಳಿದ್ದ. ಹತ್ತು ಸಲವೂ ಅವರು ಕೇಳಿಸದವರಂತೆ ಹಸುವಿನ ಮೈ ತಿಕ್ಕಿದ್ದರು.

ಈಗಲೂ ಅಲ್ಲೇ ಇದ್ದರು. ಎಡಗೈಯಲ್ಲಿ ಒಂದೊಂದೇ ಹಿಡಿ ಹುಲ್ಲು ಎತ್ತಿ ಕೊಡುತ್ತಿದ್ದರು.

"ಬನ್ನಿ ತಾಯಿ, ಕುಂತ್ಕಳಿ," ಎಂದರು ಪಂಕಜಮ್ಮನನ್ನು ಕಂಡು. ಮದುವೆಯಲ್ಲಿ ನೋಡಿದ್ದ ಮುಖ, ಸೊಸೆಯ ತಂದೆಯಿದ್ದ ಫ್ಯಾಕ್ಟರಿಯವರು, ಸೊಸೆ 'ಆಂಟಿ' ಅನ್ನುತ್ತಾಳೆ. ಅವರಿಗೆ ಗೊತ್ತಿದ್ದದ್ದು ಅಷ್ಟೇ, ಹೆಸರು ಗೊತ್ತಿರಲಿಲ್ಲ.

"ಕೂತ್ಕೊಳ್ಳೋಕೆ ಬಂದಿಲ್ಲ ಯಜಮಾನ್ರೇ. ಒಂದ್ ಮಾತು ಕೇಳಿ ಹೋಗೋಣ ಅಂತ ಬಂದೆ."

"ಕೇಳಿ."

"ಹದಿನಾಲ್ಕಕ್ಕೆ ಕರಡಿಕಲ್ಲಲ್ಲಿ ನಿಮಗೆ ಕಾಗದ ಬರೆದುಕೊಟ್ಟೋರಿದಾರಲ್ಲ. ಅವರಿಗೆ ಎಡಗೈಲಿ ಎಷ್ಟು ಬೆರಳು?"

ಹುಲ್ಲು ಹಿಡಿದಿದ್ದ ಕೈ ಅಲ್ಲೇ ನಿಂತಿತು. ಹಸು ಕತ್ತು ಚಾಚಿ ಹುಲ್ಲನ್ನು ತಾನೇ ಎಳೆದುಕೊಂಡಿತು.

ಹನುಮಂತರಾಯಪ್ಪ ಸುತ್ತ ನೋಡಿದರು. "ಯಾರು ಏಳಿದ್ರು ನಿಮಗೆ?"

"ಕಾಗದವೇ ಹೇಳ್ತು. ನಿಮ್ಮ ಬಾಯಿಂದ ಒಂದ್ಸಲ ಕೇಳ್ಬೇಕು."

"ನಾನು ಮಾತು ಕೊಟ್ಟೀನಿ ತಾಯಿ. ಏಳಾಕಿಲ್ಲ."

"ಸರಿ. ನಿಮ್ಮ ಮಾತು ದೊಡ್ಡದೇ, ಇಲ್ಲ ಅನ್ನಲ್ಲ. ಆದ್ರೆ ನಾಲ್ಕು ದಿನದಿಂದ ಆ ಹುಡುಗಿ ಕಳ್ಳಿ ಅನ್ನಿಸ್ಕೊಂಡು ಓಡಾಡ್ತಿದಾಳೆ. ಸಾಯಂಕಾಲ ಬ್ಯಾಗ್ ಹಿಡ್ಕೊಂಡು ಮಗೂ ಜೊತೆ ಹೊರಗೆ ನಿಂತಿರ್ತಾಳೆ. ಅವಾಗ ನಿಮ್ಮ ಮಾತು ಅವಳ ಜೊತೆ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಬರುತ್ತಾ?"

ಅವರಿಗೆ ಅದು ನಾಟಿತು. ಕೊಟ್ಟಿಗೆಯ ಕಟ್ಟೆಯ ಮೇಲೆ ಕುಸಿದು ಕೂತರು.

"ನಂಗೆ ಕೈ ಓದಾಗ," ಎಂದು ಶುರು ಮಾಡಿದರು, "ಬಟ್ಟೆ ಗುಂಡಿ ಆಕ್ಕೊಳ್ಳಾಕೂ ಬರ್ತಿರ್ಲಿಲ್ಲ. ಎತ್ತ ಮಗನೇ ಎಲ್ಪ್‌ಗೆ ಆಳು ಇಡಾಣ ಅಂದ. ಈ ಉಡುಗಿ ಬ್ಯಾಡ ಅಂದ್ಲು. ಸ್ಲೇಟು ತಂದ್ಲು. ಮೊಮ್ಮಗಳೂ ನಾನೂ ಒಂದೇ ಸ್ಲೇಟಲ್ಲಿ ಅಕ್ಷರ ತಿದ್ದಿದ್ವಿ ತಾಯಿ. ಎಂಟು ತಿಂಗಳು. ಒಂದ್ ದಿನಾನೂ ಬೇಸರ ಮಾಡ್ಕಳ್ಲಿಲ್ಲ. ಇಂಥಾ ಮಗಳನ್ನ ಎತ್ತೋರು ಎಂಗಿದ್ರೋ, ಅವರ ಕಾಲಿಗೆ ಒಂದ್ಸಲ ಬೀಳ್ಬೇಕು ಅಂತ ಅವಾಗಿಂದ ಮನಸಲ್ಲಿತ್ತು."

"ಕರಡಿಕಲ್ಲಲ್ಲಿ ಸಿಕ್ಕಿದ್ರಾ?"

"ಬೆಳಗಿನ ಜಾವಕ್ಕೆ ಎದ್ದು ಓಡಾಡ್ತಿದ್ದೆ. ಸ್ಟೋರ್ ಬಾಗ್ಲಲ್ಲಿ ಒಬ್ರು ಅಕ್ಕಿ ಮೂಟೆ ಎಣಿಸ್ತಿದ್ರು. ಕಿರುಬೆರಳಿರ್ಲಿಲ್ಲ. ಕೃಪಾ ಮೊಮ್ಮಗಳಿಗೆ ದಿನಾ ರಾತ್ರಿ ಏಳೋ ಕತೆ ಅಲ್ವಾ ಅದು, ತಾತನ ಬೆರಳು ಮಿಷೀನು ನುಂಗಿದ್ದು. ದೇವರ ಗೂಡಿನ ಪಕ್ಕ ಫೋಟೋನೂ ಐತೆ. ಇವರಮ್ಮ ಇವತ್ತಿಗೂ ಕುಂಕುಮ ತೆಗ್ದಿಲ್ಲ, ಅದಕ್ಕೆ ಫೋಟೋಗೆ ಆರ ಆಕಿಲ್ಲ." ಅವರು ಮೂಗು ಒರೆಸಿಕೊಂಡರು. "ನಾನೇನೂ ಗೊತ್ತಿಲ್ದೋನಂಗೆ ಓಗಿ, ಒಂದು ಕಾಗದ ಬರ್ಕೊಡಿ, ಕೈ ಸರಿಗಿಲ್ಲ ಅಂದೆ. ಕುಟುಂಬದೋರ ಎಸರೆಲ್ಲ ಬರೀತಾ ಬಂದ್ರು. ಸೊಸೆ ಕೃಪಾ, ತವರು ರಾಜಗೋಪಾಲನಗರ, ತಂದೆ ಈರೇಶ ಅಂದೆ ನೋಡಿ. ಪೆನ್ನು ಕೆಳಗೆ ಬಿತ್ತು."

ಪಂಕಜಮ್ಮ ಈಗ ಕೂತರು.

"ಬನ್ನಿ ಅಂತ ಬೇಡ್ಕಂಡೆ. ಬರಾಕಿಲ್ಲ ಅಂದ್ರು. ಯಾರಿಗೂ ಏಳ್ಬೇಡಿ ಅಂತ ನನ್ ಕೈ ಇಡ್ಕಂಡ್ರು. ಸರಿ, ನೀವು ಬರದೇ ಇದ್ರೆ ನಾವೇ ಬರ್ತೀವಿ ಅಂದೆ. ಕರಡಿಕಲ್ಲೇ ನಮ್ ಓಮ್ ರೆಸಾರ್ಟು ಅಂತ ಬರೀರಿ ಅಂದೆ. ಇಪ್ಪತ್ತೈದು ವರ್ಸ, ವರ್ಸಕ್ಕೊಂದ್ ವಾರ ನಿಮ್ ಮಗಳು, ಮೊಮ್ಮಗಳು ನಿಮ್ ಕಣ್ಮುಂದೆ ಓಡಾಡ್ತಾರೆ, ನೀವು ಮಾತಾಡಿ, ಮಾತಾಡ್ದೇ ಇರಿ, ನೋಡ್ಕಳಿ ಅಂದೆ. ಅಳ್ತಾನೇ ಬರದ್ರು. ಕವರಿಗಾಕಿ, ಆಫೀಸಿಗೆ ಓಗೋ ಬ್ಯಾಗಲ್ಲಿ ಅವರೇ ಕಳ್ಸಿದ್ರು. ಇಲ್ಲಿ ಇಷ್ಟೆಲ್ಲ ಆಯ್ತದೆ ಅಂತ ನಂಗೇನ್ ಗೊತ್ತು?"

"ಹೋಮ್ ರೆಸಾರ್ಟು," ಎಂದರು ಪಂಕಜಮ್ಮ ನಿಧಾನವಾಗಿ. ಸಿದ್ದಾರ್ಥ್ ಎಷ್ಟು ವಿವರಿಸಿದರೂ ತಿಳಿಯದ ಅದರ ಅರ್ಥ ಈಗ ತಿಳಿಯಿತು. ಪೀಜಿ ಬಾಡಿಗೆಯಲ್ಲಿ ಬದುಕುವ ಈ ಮುದುಕ ತನಗೆ ಬೇಕಾದ ಸಮುದ್ರ, ಬೆಟ್ಟ ಯಾವುದನ್ನೂ ಆರಿಸಿಕೊಂಡಿರಲಿಲ್ಲ. ಸೊಸೆಗೆ ಒಂದು ತವರನ್ನು ಆರಿಸಿದ್ದ.

ಹಿಂದೆ ಲೋಟದ ಸದ್ದಾಯಿತು. ಕೃಪಾ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಹನುಮಂತರಾಯಪ್ಪ ಎದ್ದುಬಿಟ್ಟರು. "ಮಗಾ, ನೀನು..."

"ಗೊತ್ತಿತ್ತು ಅಪ್ಪಾ," ಎಂದಳು. "ವಸಂತ್ ಆ ಕಾಗದದ ಫೋಟೋ ತೋರ್ಸಿದ್ರಲ್ಲ, ಅವತ್ತೇ. ನನ್ನ ಸ್ಕೂಲ್ ಪ್ರೋಗ್ರೆಸ್ ಕಾರ್ಡಲ್ಲೂ ನಮ್ಮಪ್ಪ ಸಹಿ ಪಕ್ಕ ಅದೇ ನಂಬರ್ ಬರೀತಿದ್ರು. ಮೇಷ್ಟ್ರು ಪ್ರತಿ ಸಲ ಬೈತಿದ್ರು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ನೀನು? ನಾಲ್ಕು ದಿನ ಬೈಸ್ಕೊಂಡ್ಯಲ್ಲ," ಎಂದರು ಮಾವ.

"ನೀವು ಹೇಳ್ತಿಲ್ಲ ಅಂದ್ರೆ ಏನೋ ಕಾರಣ ಇರುತ್ತೆ ಅನ್ಕೊಂಡೆ. ನಿಮ್ಮನ್ನ ಅತ್ತೆ ಮುಂದೆ ಹೇಗೆ ಸಿಕ್ಕಿಸ್ಲಿ ಅಪ್ಪಾ?"

ಪಂಕಜಮ್ಮನಿಗೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಪ್ರೀತಿಯೂ ಬಂತು. "ಅಲ್ಲಮ್ಮ, ಗೊತ್ತಿದ್ದ ಮೇಲೆ ನನ್ನನ್ಯಾಕೆ ಪೀಣ್ಯದಿಂದ ಇಲ್ಲೀವರೆಗೂ ಕರೆಸ್ದೆ?"

"ನೀವೂ ಅದನ್ನೇ ಓದ್ತೀರಾ ಅಂತ ನೋಡ್ಬೇಕಿತ್ತು ಆಂಟಿ," ಎಂದಳು ಕೃಪಾ. "ಹತ್ತೊಂಬತ್ತು ವರ್ಷ ಆಯ್ತು. ನನ್ ಆಸೆಗೆ ಹಾಗ್ ಕಾಣ್ತಿದೆಯ ಅಂತ ಭಯ ಆಗಿತ್ತು."

ಅಷ್ಟರಲ್ಲಿ ಕೊಟ್ಟಿಗೆಯ ಆಚೆ ಬಾಗಿಲಿನಿಂದ ನಾಗಲಕ್ಷ್ಮಮ್ಮ ಬಂದರು. ಸೆಗಣಿ ಬುಟ್ಟಿ ಕಂಕುಳಲ್ಲಿತ್ತು. ಗೋಡೆಯಾಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು ಅನ್ನುವುದಕ್ಕೆ ಅವರ ಕೆಂಪಾದ ಮೂಗೇ ಸಾಕ್ಷಿ. ಬುಟ್ಟಿ ಇಳಿಸಿದರು, ಹಸುವಿನ ತೊಟ್ಟಿಯಲ್ಲೇ ಕೈ ತೊಳೆದರು. ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡು ನಿಂತಲ್ಲೇ ಗಟಗಟ ಕುಡಿದರು.

"ಸಕ್ರೆ ಕಮ್ಮಿ ಆಗೈತೆ," ಎಂದರು.

ಕೃಪಾ ಅಳತೊಡಗಿದಳು. ನಾಲ್ಕು ದಿನ ಅಳದವಳು ಈ ಮಾತಿಗೆ ಅತ್ತಳು. ನಾಗಲಕ್ಷ್ಮಮ್ಮ ಒದ್ದೆ ಕೈಯಲ್ಲೇ ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. "ನನ್ ಬಾಯಿಗೆ ಮಣ್ಣಾಕ. ಏನೇನೋ ಅಂದ್ಬಿಟ್ಟೆ ಕಣವ್ವ, ಒಟ್ಟೆಗಾಕ್ಕೊ," ಎಂದವರು ಗಂಡನ ಕಡೆ ತಿರುಗಿದರು. "ನಿಮ್ಗೆ ನನ್ ಮುಂದೆ ಏಳಾಕೆ ಏನಾಗಿತ್ತು? ನಾನೇನ್ ಉಲೀನಾ?"

ಹನುಮಂತರಾಯಪ್ಪ ಈ ಪ್ರಶ್ನೆಗೆ ಹಸುವಿನ ಕಡೆ ನೋಡಿದರು.

ಗಂಟೆ ನಾಲ್ಕೂ ಮುಕ್ಕಾಲು. ಪಂಕಜಮ್ಮ ಸಿದ್ದಾರ್ಥನಿಗೆ ಫೋನ್ ಹಚ್ಚಿ ನಾಗಲಕ್ಷ್ಮಮ್ಮನ ಕೈಗೆ ಕೊಟ್ಟರು.

"ನೋಡಪ್ಪ," ಎಂದರು ಆಕೆ, ಇಡೀ ಬೀದಿಗೆ ಕೇಳುವಂತೆ. "ಬದ್ಲಾಯ್ಸಿರೋದು ಅಂಗೇ ಇರ್ಲಿ. ಕರಡಿಕಲ್ಲೇ. ಇಪ್ಪತ್ತೈದು ವರ್ಸಕ್ಕೂ ಅದೇ. ಸಮುದ್ರ ಏನು ಓಡೋಯ್ತದಾ, ರೂಮ್ ಉಳ್ದಾಗ ಕೊಡು, ಓಗಿ ನೋಡ್ಕಂಡ್ ಬತ್ತೀವಿ."

ಅತ್ತ ಸಿದ್ದಾರ್ಥ್ ಏನಂದನೋ, ಆಕೆ ಫೋನನ್ನು ವಾಪಸ್ ಕೊಟ್ಟು ಇನ್ನೊಂದು ಲೋಟ ಕಾಫಿ ತೆಗೆದುಕೊಂಡರು.

ಪಂಕಜಮ್ಮನ ಪಾಲಿನ ಕಾಫಿಯೂ ಕೈಗೆ ಬಂತು. ಕೊನೆಗೂ ಈ ಕೈ ಈರೇಶನಿಗೆ ಒಂದು ಕೆಲಸಕ್ಕೆ ಬಂತಲ್ಲ ಎಂದುಕೊಂಡರು. ಬರುವ ಭಾನುವಾರವೇ ಕರಡಿಕಲ್ಲಿಗೆ ಹೋಗಬೇಕು, ನಾಣಿಯನ್ನೂ ಕರೆದುಕೊಂಡು. ಕೃತಜ್ಞತೆಯನ್ನು ಎಷ್ಟು ದಿನವೆಂದು ಮನಸ್ಸಿನಲ್ಲೇ ಇಟ್ಟುಕೊಳ್ಳುವುದು, ಎದುರು ನಿಂತು ಹೇಳಿಬಿಡಬೇಕು.

"ಅಪ್ಪಾ," ಕೃಪಾ ಕಣ್ಣೊರೆಸಿಕೊಂಡು ಕೇಳಿದಳು. "ಅವರು ಯಾಕೆ ಬರಲ್ಲ ಅಂದ್ರು? ಕಾರಣ ಏನಾದ್ರೂ ಹೇಳಿದ್ರಾ?"

"ಇಲ್ಲ ಮಗಾ. ಎಷ್ಟು ಕೇಳಿದ್ರೂ ಏಳ್ಲಿಲ್ಲ." ಹನುಮಂತರಾಯಪ್ಪ ತಲೆ ಕೆರೆದುಕೊಂಡರು. "ಗಾಡಿ ಅತ್ತೋವಾಗ ಓಡ್ಬಂದು ಒಂದ್ ಮಾತು ಅಂದ್ರು. ಒಂದ್ವೇಳೆ ಗೊತ್ತಾದ್ರೆ ಮಗಳಿಗೆ ಗೊತ್ತಾಗ್ಲಿ, ಪೊಲೀಸ್ನೋರಿಗೆ ಬೇಕಾದ್ರೂ ಗೊತ್ತಾಗ್ಲಿ. ಇನ್ಸ್‌ಪೆಕ್ಷನ್ ಪಂಕಜಮ್ಮ ಅಂತ ಒಬ್ರು ಅವ್ರೆ, ನಾನು ಬದುಕಿರೋದು ಅವರಿಗೊಬ್ರಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಾನು ಇಲ್ಲಿಂದಾನೂ ಓಗ್ಬೇಕಾಯ್ತದೆ ಅಂತ."

ಅವರು ಪಂಕಜಮ್ಮನ ಕಡೆ ತಿರುಗಿದರು. "ನೀವೂ ಅದೇ ಫ್ಯಾಕ್ಟ್ರಿನೋರಲ್ವಾ ತಾಯಿ. ಯಾರು ಆಯಮ್ಮ, ನಿಮ್ಗೇನಾದ್ರೂ ಗೊತ್ತಾ?"

ಕೃಪಾ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಕಾಫಿ ಲೋಟ ಹಿಡಿದಿದ್ದ ಪಂಕಜಮ್ಮನ ಬಲಗೈಯನ್ನೇ ಅವಳು ನೋಡುತ್ತಿದ್ದಳು.